ಓಟು ಹಾಕಿದ ಮೇಲೆ: ನಮ್ಮ ಕೇರಿಗೆ ಸ್ಮಶಾನದ ಜಾಗ ಸಿಕ್ಕ ಬಗೆ

ನಮ್ಮೂರ ಗಾಯರಾಣದಲ್ಲಿ, ಅಂದರೆ ದನ ಮೇಯಲು ಬಿಟ್ಟ ಸರ್ಕಾರಿ ಭೂಮಿಯಲ್ಲಿ, ಒಂದು ಎಕರೆ ಜಾಗ ಈಗ ಪಹಣಿಯಲ್ಲಿ ಪರಿಶಿಷ್ಟ ಜಾತಿಯವರ ಸ್ಮಶಾನ ಎಂದು ದಾಖಲಾಗಿದೆ. ಹೋದ ತಿಂಗಳು ನಾಡಕಚೇರಿಯಲ್ಲಿ ಆ ಪಹಣಿ ತೆಗೆಸಿಕೊಂಡು ಹನ್ನೊಂದನೇ ಕಾಲಂ ಓದಿ, ಹೊರಗೆ ಬಂದು ಕಟ್ಟೆಯ ಮೇಲೆ ಕುಂತು ಇನ್ನೊಮ್ಮೆ ಓದಿದೆ. ಅವತ್ತಿನಿಂದ ಸುತ್ತಮುತ್ತಲಿನ ಊರುಗಳ ಕೇರಿಯವರು ಫೋನ್ ಮಾಡುತ್ತಲೇ ಇದ್ದಾರೆ. ಯಾವ ಆಫೀಸಿಗೆ ಮೊದಲು ಹೋಗಬೇಕು, ಎಂಎಲ್ಎ ಲೆಟರ್ ಬೇಕಾ, ಎಷ್ಟು ಖರ್ಚಾಗುತ್ತದೆ ಎಂದು ಕೇಳುತ್ತಾರೆ. ಎಲ್ಲರಿಗೂ ಅರ್ಧರ್ಧ ಹೇಳುವುದಕ್ಕಿಂತ ಪೂರ್ತಿ ಬರೆದೇ ಬಿಡೋಣ ಎಂದು ಕುಂತಿದ್ದೇನೆ. ಕಾಗದಪತ್ರದ ಜೊತೆಗೆ, ನಾವು ಗೆಲ್ಲಿಸಿದ ನಾಯಕರ ಮೇಲಿಟ್ಟ ಆಸೆ ಏನಾಯಿತು ಎಂಬುದನ್ನೂ ಬರೆಯುತ್ತೇನೆ. ಎರಡನ್ನೂ ಬೇರೆ ಮಾಡಲು ನನಗೆ ಆಗುವುದಿಲ್ಲ.

ನಮ್ಮೂರು ರಾಯಚೂರು ಜಿಲ್ಲೆಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ನೀರು ಬಂದ ವರ್ಷ ಭತ್ತ, ಬರದ ವರ್ಷ ಹತ್ತಿ, ಜೋಳ. ನಮ್ಮ ಕೇರಿಯವರು ಹಿಂದಿನಿಂದಲೂ ಹಳ್ಳದ ದಂಡೆಯಲ್ಲಿ ಮಣ್ಣು ಮಾಡುತ್ತಾ ಬಂದವರು. ಕಾಲುವೆ ಬರುವ ಮೊದಲು ಆ ದಂಡೆ ಅಗಲ ಇತ್ತಂತೆ. ಗದ್ದೆಗಳು ಬೆಳೆಯುತ್ತಾ ಬೆಳೆಯುತ್ತಾ ದಂಡೆಯನ್ನು ನುಂಗಿದವು. ಈಗ ಹಳ್ಳದ ನೀರಿಗೂ ಗದ್ದೆಯ ಬದುವಿಗೂ ನಡುವೆ ಒಂದು ಚಕ್ಕಡಿ ಹಿಡಿಸುವಷ್ಟು ಜಾಗ ಉಳಿದಿದೆ. ಹೊಸ ಗುಂಡಿ ತೋಡಿದರೆ ಹಳೆಯ ಎಲುಬು ಸಿಗುತ್ತವೆ. ಮಳೆಗಾಲದಲ್ಲಿ ಅದೂ ನೀರಿನೊಳಗೆ. ಸ್ಮಶಾನ ಇಲ್ಲದ ಊರುಗಳಿಗೆ ಜಾಗ ಒದಗಿಸಬೇಕು ಎಂದು ಹೈಕೋರ್ಟ್ 2019ರಲ್ಲೇ ಸರ್ಕಾರಕ್ಕೆ ಹೇಳಿದೆ. ಆದರೆ ನಮ್ಮೂರಿನ ದಾಖಲೆಯಲ್ಲಿ "ಸ್ಮಶಾನ ಇದೆ" ಎಂದೇ ಇತ್ತು. ಇದ್ದದ್ದು ಊರಿನವರದು. ಅಲ್ಲಿ ನಮಗೆ ಜಾಗವಿಲ್ಲ.

ನಾನು ಬಿ.ಎ. ಓದಿದವಳು. ಮನೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದೇನೆ, ಸಂಜೆ ಕೇರಿಯ ಮಕ್ಕಳಿಗೆ ಪಾಠ ಹೇಳುತ್ತೇನೆ. 2023ರ ಚುನಾವಣೆಯಲ್ಲಿ ಯಾರ ದುಡ್ಡೂ ಮುಟ್ಟದೆ ಮನೆಮನೆಗೆ ಹೋಗಿ ಓಟು ಕೇಳಿದೆ. ಅದರ ಹಿಂದಿನ ವರ್ಷ ಹಿಜಾಬ್ ವಿಷಯದಲ್ಲಿ ಕಾಲೇಜುಗಳಲ್ಲಿ ಆದದ್ದನ್ನು ನೋಡಿ ಮನಸ್ಸು ಕೆಟ್ಟಿತ್ತು. ಓದುವ ಹುಡುಗಿಯನ್ನು ಗೇಟಿನ ಹೊರಗೆ ನಿಲ್ಲಿಸುವುದು, ಸತ್ತವರನ್ನು ಊರ ಹೊರಗೆ ನಿಲ್ಲಿಸುವುದು, ಎರಡರ ಬೇರೂ ಒಂದೇ ಎಂದು ನನಗೆ ಅನ್ನಿಸಿತು. ಯಾರ ಮನೆಯ ಅಡುಗೆ, ಯಾರ ತಲೆಯ ಬಟ್ಟೆ, ಯಾರ ದೇವರು ಎಂದು ಕೇಳದ ರಾಜಕಾರಣ ಬೇಕಿತ್ತು. ನಮ್ಮ ಅಭ್ಯರ್ಥಿ ಪ್ರಚಾರಕ್ಕೆ ಬಂದಾಗ ಸಂವಿಧಾನದ ಮಾತಾಡಿದರು. ನಮ್ಮ ಸಮುದಾಯ ಭವನದ ಮುಂದೆ ನಿಂತು, ಹಿರಿಯರು ಸ್ಮಶಾನದ ಮಾತು ಎತ್ತಿದಾಗ, "ಗೆದ್ರ ಮೊದಲನೇ ಕೆಲಸ ಇದ. ನಿಮ್ಮ ಋಣ ಇಟ್ಕಳಂಗಿಲ್ಲ ನಾ" ಎಂದರು. ಆ ಮಾತನ್ನು ನಾನು ಪೂರ್ತಿ ನಂಬಿದೆ. ಮೇ 10ಕ್ಕೆ ಮತದಾನ, 13ಕ್ಕೆ ಫಲಿತಾಂಶ. ಗೆದ್ದ ಸುದ್ದಿ ಬಂದಾಗ ನನ್ನ ಅತ್ತೆ ಹಣೆಗೆ ಕೈ ಹಚ್ಚಿ, "ಇನ್ನ ನಾ ಸತ್ರ ಚಲೋ ಜಾಗ ಸಿಗ್ತದ ಬಿಡವ್ವ" ಎಂದಳು.

ಅಭಿನಂದನೆಯ ಗದ್ದಲ ಇಳಿಯಲಿ ಎಂದು ತಡೆದು, ಜೂನ್ ತಿಂಗಳಲ್ಲಿ ಅರ್ಜಿ ಬರೆದುಕೊಂಡು ಶಾಸಕರ ಮನೆಗೆ ಹೋದೆವು. ಶಕ್ತಿ ಯೋಜನೆ ಶುರುವಾಗಿತ್ತು, ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿ. ಇದನ್ನು ಮನಸಾರೆ ಹೇಳುತ್ತೇನೆ: ಆ ಒಂದು ಯೋಜನೆ ಇಲ್ಲದಿದ್ದರೆ ನಮ್ಮ ಕೇರಿಯ ಹೆಂಗಸರು ಇಷ್ಟು ಕಾಲ ಆಫೀಸು ಅಲೆಯುವುದು ಸಾಧ್ಯವೇ ಇರಲಿಲ್ಲ. ಶಾಸಕರ ಮನೆ ಅಂಗಳದಲ್ಲಿ ಶಾಮಿಯಾನ, ಹೂವಿನ ಹಾರ, ಪೋಸ್ಟಿಂಗಿಗೆ ಬಂದ ನೌಕರರು, ಗುತ್ತಿಗೆದಾರರು. ಬೆಳಿಗ್ಗೆ ಹೋದವರಿಗೆ ಮಧ್ಯಾಹ್ನ ದಾಟಿದ ಮೇಲೆ ಮಾತು ಸಿಕ್ಕಿತು. ಅವರು ನನ್ನ ಗುರುತು ಹಿಡಿದರು, ಅದು ಖುಷಿ ಕೊಟ್ಟಿತು. ಅರ್ಜಿಯ ಮೂಲೆಯಲ್ಲಿ ತಹಶೀಲ್ದಾರರಿಗೆ "ಪರಿಶೀಲಿಸಿ ಕೂಡಲೇ ಕ್ರಮ ಕೈಗೊಳ್ಳಿ" ಎಂದು ಬರೆದು ಸಹಿ ಮಾಡಿದರು. ಆ ಸಹಿ ನೋಡಿ ಕೆಲಸ ಆಗೇ ಹೋಯಿತು ಎಂದು ಊರಲ್ಲಿ ಸಕ್ಕರೆ ಹಂಚಿದವರೂ ಇದ್ದಾರೆ.

ಹಿಂದೆ ಬರುವವರಿಗೆ ಇಲ್ಲೇ ಒಂದು ಮಾತು. ಶಾಸಕರ ಸಹಿ ಶಿಫಾರಸು ಮಾತ್ರ, ಆದೇಶವಲ್ಲ. ಸರ್ಕಾರಿ ಜಮೀನನ್ನು ಸ್ಮಶಾನಕ್ಕೆ ಕಾಯ್ದಿರಿಸುವ ಅಧಿಕಾರ ಭೂಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಯವರದು. ಕಡತ ಗ್ರಾಮ ಆಡಳಿತ ಅಧಿಕಾರಿಯಿಂದ ಗಿರ್ದಾವರರಿಗೆ (ಕಂದಾಯ ನಿರೀಕ್ಷಕರಿಗೆ), ಅಲ್ಲಿಂದ ತಹಶೀಲ್ದಾರರಿಗೆ, ಆಮೇಲೆ ಉಪವಿಭಾಗಾಧಿಕಾರಿಯ ಮೂಲಕ ಜಿಲ್ಲಾ ಕಚೇರಿಗೆ ಹೋಗಬೇಕು. ಸಹಿ ಬಿದ್ದ ಅರ್ಜಿಯನ್ನು ಯಾರ ಕೈಗೂ ಕೊಟ್ಟು ಬರಬೇಡಿ. ತಹಶೀಲ್ದಾರ ಕಚೇರಿಯ ಆವಕ ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಆವಕ ನಂಬರ್ ಹಾಕಿಸಿಕೊಳ್ಳಿ. ಆ ನಂಬರ್ ಇಲ್ಲದಿದ್ದರೆ ಮುಂದೆ ನಿಮ್ಮ ಅರ್ಜಿ ಇತ್ತು ಎಂದು ತೋರಿಸಲಿಕ್ಕೂ ಆಧಾರ ಇರುವುದಿಲ್ಲ. ಆಪ್ತ ಸಹಾಯಕರು "ನಾವೇ ಕಳಿಸ್ತೀವಿ ಬಿಡ್ರಿ" ಎಂದರೂ ಒಂದು ಪ್ರತಿ ನೀವೇ ಕೊಡಿ.

ಮುಂದಿನದು ಗ್ರಾಮಸಭೆಯ ಠರಾವು. ಪಂಚಾಯತ್ ರಾಜ್ ಕಾಯ್ದೆಯಲ್ಲಿ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಲೇಬೇಕು. ನಮ್ಮಲ್ಲಿ ಅದು ಗುಡಿ ಕಟ್ಟೆಯ ಮೇಲೆ ಹತ್ತು ಜನ ಸೇರಿ ಮುಗಿಯುವಂಥದ್ದು. ಈ ಸಲ ಕೇರಿಯ ಹೆಂಗಸರೆಲ್ಲ ಹೋಗಿ ಕುಂತೆವು. ಅರ್ಜಿಯಲ್ಲಿ "ಸಾರ್ವಜನಿಕ ಸ್ಮಶಾನ" ಎಂದು ಬರೆಯಬೇಕೋ "ಪರಿಶಿಷ್ಟ ಜಾತಿಯವರ ಸ್ಮಶಾನ" ಎಂದು ಬರೆಯಬೇಕೋ ಎಂಬುದರ ಮೇಲೆ ನಮ್ಮೊಳಗೇ ದೊಡ್ಡ ಚರ್ಚೆ ನಡೆದಿತ್ತು. ಸತ್ತ ಮೇಲಾದರೂ ಜಾತಿ ಬೇಡ, ಸಾರ್ವಜನಿಕ ಎಂದೇ ಇರಲಿ ಎಂದು ನನ್ನ ವಾದ. ಕಾಕಾ ಒಬ್ಬರು ತಣ್ಣಗೆ ಹೇಳಿದರು: "ಸಾರ್ವಜನಿಕ ಬಾವಿ ಇತ್ತಲ್ಲ ಯವ್ವಾ, ಅದರಾಗ ನಮ್ಮ ಕೊಡ ಎಷ್ಟ ವರ್ಷ ಇಳದಿತ್ತು?" ನಾನು ಸುಮ್ಮನಾದೆ. ಪರಿಶಿಷ್ಟ ಜಾತಿ ಎಂದೇ ಬರೆದೆವು. ಈಗಲೂ ನನಗೆ ಅದರ ನೋವು ಇದೆ, ಆದರೆ ಅವರ ಮಾತು ಸುಳ್ಳಲ್ಲ. ಠರಾವಿನ ದೃಢೀಕೃತ ಪ್ರತಿಯನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಹಿ, ಸೀಲಿನೊಂದಿಗೆ ಅವತ್ತಿನ ವಾರದಲ್ಲೇ ತೆಗೆದುಕೊಂಡು ಇಟ್ಟುಕೊಳ್ಳಿ.

ಸ್ಥಳ ಪರಿಶೀಲನೆಗೆ ಗ್ರಾಮ ಆಡಳಿತ ಅಧಿಕಾರಿ ಬರಲಿಕ್ಕೇ ಆ ವರ್ಷದ ಸುಗ್ಗಿ ಬಂತು. ಬಂದಾಗ ಒಳ್ಳೆಯ ಕೆಲಸವನ್ನೇ ಮಾಡಿದರು. ಊರಿನ ನಕಾಶೆ, ಆಕಾರಬಂದ್ (ಸರ್ವೆ ನಂಬರುಗಳ ವಿಸ್ತೀರ್ಣದ ದಾಖಲೆ) ತೆಗೆದು ನೋಡಿ, ಕೇರಿಯ ಹಿಂದಿನ ಗಾಯರಾಣದಲ್ಲಿ ಜಾಗ ಇದೆ ಎಂದು ಪಂಚನಾಮೆ ಮಾಡಿದರು. ಆಮೇಲೆ ಒಂದು ತೊಡಕು ಬಂತು. ಗಾಯರಾಣ ದನ ಮೇಯಲು ಬಿಟ್ಟ ಭೂಮಿ. ನಿಯಮದ ಪ್ರಕಾರ ನೂರು ದನಕ್ಕೆ ಮೂವತ್ತು ಎಕರೆ ಇರಬೇಕು. ಹಾಗಾಗಿ ಊರಿನಲ್ಲಿ ದನಕರು ಎಷ್ಟಿವೆ ಎಂದು ಪಶು ಆಸ್ಪತ್ರೆಯಿಂದ ದೃಢೀಕರಣ ತರಬೇಕು ಎಂದರು. 2019ರ ಜಾನುವಾರು ಗಣತಿಯ ಲೆಕ್ಕ ಅಲ್ಲಿ ಸಿಗುತ್ತದೆ. ನಮ್ಮೂರಲ್ಲಿ ಟ್ರ್ಯಾಕ್ಟರ್ ಬಂದ ಮೇಲೆ ದನ ಕಡಿಮೆ, ಆದರೂ ಲೆಕ್ಕಕ್ಕೆ ಹೋಲಿಸಿದರೆ ಗಾಯರಾಣವೇ ಸಾಲದು ಎಂದಾಯಿತು. ಆಗ ಜಿಲ್ಲಾಧಿಕಾರಿ ಗಾಯರಾಣದ ವಿಸ್ತೀರ್ಣ ಕಡಿಮೆ ಮಾಡಿ ಆದೇಶ ಕೊಡಬೇಕಾಗುತ್ತದೆ. ಇದು ಆಗದ ಕೆಲಸವಲ್ಲ, ನಿಯಮದಲ್ಲೇ ಅವಕಾಶ ಇದೆ. ಆದರೆ ಟಿಪ್ಪಣಿ ಬರೆಯುವಾಗಲೇ ಅದನ್ನೂ ಸೇರಿಸಿ ಬರೆಯಿರಿ ಎಂದು ಕೇಳಿಕೊಳ್ಳಬೇಕು. ಇಲ್ಲದಿದ್ದರೆ ಮೇಲಿನಿಂದ "ಸ್ಪಷ್ಟನೆ ಕೊಡಿ" ಎಂದು ಕಡತ ಕೆಳಗೆ ಇಳಿಯುತ್ತದೆ, ಇಳಿದ ಕಡತ ಮತ್ತೆ ಹತ್ತಲಿಕ್ಕೆ ತಿಂಗಳುಗಟ್ಟಲೆ ಬೇಕು. ನಮ್ಮದು ಹಾಗೆ ಇಳಿದು ಬಂದ ಕಡತ.

2024ರ ಜನವರಿ ಕೊನೆಗೆ ಸಂವಿಧಾನ ಜಾಗೃತಿ ಜಾಥಾ ಶುರುವಾಯಿತು. ಫೆಬ್ರವರಿಯಲ್ಲಿ ಸ್ತಬ್ಧಚಿತ್ರದ ವಾಹನ ನಮ್ಮ ಪಂಚಾಯಿತಿಗೂ ಬಂತು. ಡೊಳ್ಳು, ಕಳಸ, ಶಾಲೆಯ ಮಕ್ಕಳು. ನನ್ನ ಹತ್ತಿರ ಪಾಠಕ್ಕೆ ಬರುವ ಹುಡುಗಿಯೇ ಮೈಕಿನಲ್ಲಿ ಪೀಠಿಕೆ ಓದಿದಳು. "ವ್ಯಕ್ತಿ ಗೌರವ" ಎಂಬಲ್ಲಿ ಅವಳ ದನಿ ಗಟ್ಟಿಯಾಯಿತು, ನನ್ನ ಕಣ್ಣು ತುಂಬಿದವು. ನಾನು ಓಟು ಕೇಳಿದ್ದು ಇಂಥ ದಿನಕ್ಕಾಗಿಯೇ. ಶಾಸಕರು ಬಂದಿದ್ದರು, ಚೆನ್ನಾಗಿ ಮಾತಾಡಿದರು. ಇಳಿದು ಹೋಗುವಾಗ ಮುಂದೆ ಹೋಗಿ ಕೇಳಿದೆ.

"ಸಾಹೇಬ್ರೇ, ಸ್ಮಶಾನದ ಕಡತ ಎಲ್ಲಿಗೆ ಬಂತ್ರಿ?"

"ನನ್ನ ತಲ್ಯಾಗದ ತಂಗಿ. ಎಂಪಿ ಎಲೆಕ್ಷನ್ ಒಂದ ಮುಗೀಲಿ."

ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು. ನಮ್ಮಲ್ಲಿ ಮತದಾನ ಮೇ 7ಕ್ಕೆ, ನೀತಿಸಂಹಿತೆ ಜೂನ್ ಮೊದಲ ವಾರದ ತನಕ. ಆ ಅವಧಿಯಲ್ಲಿ ಆಫೀಸಿನಲ್ಲಿ ಯಾವ ಮಾತಿಗೂ "ಎಲೆಕ್ಷನ್ ಡ್ಯೂಟಿ" ಎಂಬುದೊಂದೇ ಉತ್ತರ. ನೀತಿಸಂಹಿತೆ ಹೊಸ ಮಂಜೂರಾತಿಗೆ ಅಡ್ಡ ಬರುತ್ತದೆ, ಕಡತದ ಒಳಗಿನ ವರದಿ ಬರೆಯಲಿಕ್ಕಲ್ಲ. ಅದನ್ನು ಯಾರೂ ಹೇಳಲಿಲ್ಲ. ನೀವು ಕೇಳಿ, ವಿನಯವಾಗಿ ಕೇಳಿ, ಬರೆದು ಕೇಳಿ.

ಚುನಾವಣೆ ಮುಗಿದ ಮೇಲೆ ತಾಲ್ಲೂಕು ಕಚೇರಿಗೆ ಹೋದಾಗ ಗುಮಾಸ್ತರು ಕಡತ ತೆಗೆದು ಒಂದು ಹಾಳೆ ತೋರಿಸಿದರು. ನಾವು ಕೇಳಿದ ಸರ್ವೆ ನಂಬರಿನಲ್ಲೇ ಊರಿನ ದೊಡ್ಡ ಮನೆತನದ ಒಬ್ಬರು ನಮೂನೆ 57ರಲ್ಲಿ ಬಗರ್ ಹುಕುಂ ಅರ್ಜಿ (ಅನುಮತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಭೂಮಿಯನ್ನು ಸಕ್ರಮ ಮಾಡಿಕೊಡಿ ಎಂಬ ಅರ್ಜಿ) ಹಾಕಿದ್ದಾರೆ, ಅದು ಇತ್ಯರ್ಥ ಆಗುವ ತನಕ ಮುಂದೆ ಹೋಗುವಂತಿಲ್ಲ ಎಂದು ಬರೆದಿತ್ತು. ಬಗರ್ ಹುಕುಂ ಅರ್ಜಿಗಳನ್ನು ತೀರ್ಮಾನ ಮಾಡುವುದು ಅಕ್ರಮ ಸಕ್ರಮ ಸಮಿತಿ. ಅದರ ಅಧ್ಯಕ್ಷರು ನಮ್ಮ ಶಾಸಕರು.

ಆ ಹಾಳೆ ಓದಿದಾಗ ಆದದ್ದನ್ನು ಹೇಗೆ ಹೇಳಲಿ? ನಮ್ಮ ಕಡತದ ಬೀಗದ ಕೈ ಒಂದು ವರ್ಷದಿಂದ ನಾವು ಕೈಮುಗಿದು ನಿಲ್ಲುತ್ತಿದ್ದ ಮನುಷ್ಯರ ಜೇಬಿನಲ್ಲೇ ಇತ್ತು. ಅವರಿಗೆ ಗೊತ್ತಿತ್ತೋ ಇಲ್ಲವೋ ಎಂದು ತಿಳಿದುಕೊಳ್ಳಬೇಕು ಎಂದು ಸೀದಾ ಮನೆಗೇ ಹೋದೆವು. ಈ ಸಲ ಶಾಮಿಯಾನ ಇರಲಿಲ್ಲ, ಕಾಯುವ ಜನ ಮಾತ್ರ ಇದ್ದರು. ಸಂಜೆ ಹೊತ್ತಿಗೆ ಒಳಗೆ ಕರೆದರು. ಹಾಳೆಯ ಜೆರಾಕ್ಸ್ ಮುಂದಿಟ್ಟೆ. ಅವರು ಓದಲಿಲ್ಲ, ಮಡಚಿ ಪಕ್ಕಕ್ಕಿಟ್ಟರು.

"ಗೊತ್ತದ ತಂಗಿ. ಆ ಕಡಿನೂ ನಮ್ಮವ್ರ ಅದಾರ, ಈ ಕಡಿನೂ ನಮ್ಮವ್ರ ಅದೀರಿ. ನಾ ಯಾರ್ನ ಬಿಡ್ಲಿ ಹೇಳು? ಸ್ವಲ್ಪ ತಾಳ್ಕೊ. ಬೇರೆ ಎಲ್ಲಾರ ಜಾಗ ನೋಡೂಣು."

"ಬೇರೆ ಎಲ್ಲೈತ್ರಿ ಸಾಹೇಬ್ರೇ?" ಎಂದರು ಕಾಕಾ. ಉತ್ತರ ಬರಲಿಲ್ಲ, ಚಹಾ ಬಂತು.

ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಅವರು ನಮ್ಮನ್ನು ಬೈಯಲಿಲ್ಲ, ಹೊರಗೆ ನಿಲ್ಲಿಸಲಿಲ್ಲ, ಚಹಾ ಕೊಟ್ಟು ಕಳಿಸಿದರು. ಆದರೆ ನಮ್ಮ ಹೆಣ ಹೂಳುವ ಜಾಗವನ್ನೂ ಒಬ್ಬರ ಸಾಗುವಳಿಯ ಆಸೆಯನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ನೋಡಿದರಲ್ಲ, ಆ ಸಂಕಟ ಇವತ್ತಿಗೂ ಹೋಗಿಲ್ಲ. ನಾನು ಕೆಟ್ಟವರಿಗೆ ಓಟು ಹಾಕಿರಲಿಲ್ಲ. ಒಳ್ಳೆಯವರು ಅಂದುಕೊಂಡವರೇ ಎರಡೂ ಕಡೆ ನಮ್ಮವರು ಎಂದು ಕುಂತರೆ, ನಷ್ಟ ಆಗುವುದು ಯಾವಾಗಲೂ ಕೈಯಲ್ಲಿ ಏನೂ ಇಲ್ಲದವರಿಗೆ.

ಆ ಆಗಸ್ಟ್‌ನಲ್ಲಿ ದೊಡ್ಡವ್ವ ತೀರಿಕೊಂಡಳು. ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕಿತ್ತು ಹೋಗಿ ನೀರೆಲ್ಲ ಹೊಳೆಗೆ ಹೋಗುತ್ತಿದೆ ಎಂದು ಊರೆಲ್ಲ ಟಿವಿ ಮುಂದೆ ಕುಂತಿದ್ದ ದಿನಗಳವು. ಕಾಲುವೆಗೆ ನೀರು ಬಂದಿತ್ತು, ನಾಟಿ ಮುಗಿದಿತ್ತು, ಮೇಲೆ ಮಳೆ. ಹಳ್ಳದ ದಂಡೆಗೆ ಹೋಗಲು ಬದುವಿನ ಮೇಲೇ ನಡೆಯಬೇಕು. ಬದು ಒಬ್ಬರು ನಡೆಯುವಷ್ಟು ಅಗಲ, ಚಟ್ಟ ಹೊರಲು ನಾಲ್ಕು ಜನ ಬೇಕು. ಹಾಗಾಗಿ ಇಬ್ಬರು ಬದುವಿನ ಮೇಲೆ, ಇಬ್ಬರು ಎರಡೂ ಬದಿಯ ಗದ್ದೆಯೊಳಗೆ ಮೊಣಕಾಲುದ್ದ ಕೆಸರಿನಲ್ಲಿ. ಚಟ್ಟ ಒಂದು ಕಡೆ ವಾಲಿದಾಗ ದೊಡ್ಡವ್ವನ ಕೈ ಜಾರಿ ಹೊರಗೆ ಬಂತು. ಬಳೆ ತೆಗೆದ ಕೈ. ಅವಳ ಮಗ ಅದನ್ನು ಹಿಡಿದುಕೊಂಡೇ ಗದ್ದೆಯೊಳಗೆ ನಡೆದ. ಗದ್ದೆಯವರ ಹುಡುಗ ಬಂದು "ಸಸಿ ತುಳೀತೀರಿ, ಈಗಷ್ಟ ಹಚ್ಚೀವಿ" ಎಂದು ಕೂಗಿದ. ಅವನದೂ ಹೊಟ್ಟೆಪಾಡು. ಆದರೆ ಚಟ್ಟದ ಮುಂದೆ ನಿಂತು ಕೂಗುವ ಧೈರ್ಯ ಬೇರೆಯವರ ಹೆಣಕ್ಕೆ ಬರುತ್ತಿತ್ತೇ? ದಂಡೆಯಲ್ಲಿ ತೋಡಿದ ಗುಂಡಿಗೆ ಅರ್ಧ ತೋಡುವಾಗಲೇ ನೀರು ಒಸರಿತು. ಬಕೆಟ್ಟಿನಲ್ಲಿ ನೀರು ಚೆಲ್ಲುತ್ತಾ ಮಣ್ಣು ಮಾಡಿದೆವು.

ಹುಡುಗರು ಹೆಣವನ್ನು ತಾಲ್ಲೂಕು ಕಚೇರಿ ಮುಂದೆ ಇಡೋಣ ಎಂದಿದ್ದರು. ದೊಡ್ಡವ್ವನ ಮಗ ಒಪ್ಪಲಿಲ್ಲ, "ನಮ್ಮವ್ವನ್ನ ಬಜಾರಕ್ಕ ಒಯ್ಯಂಗಿಲ್ಲ" ಎಂದ. ಅವನ ಮಾತಿಗೆ ಮರ್ಯಾದೆ ಕೊಟ್ಟೆವು. ಅವತ್ತಿನ ಫೋಟೊಗಳನ್ನು ಮಾತ್ರ ಜಾಗ, ತಾರೀಖು ಕಾಣುವ ಆಪ್‌ನಲ್ಲಿ ತೆಗೆದಿದ್ದೆವು. ಮುಂದೆ ಉಪವಿಭಾಗಾಧಿಕಾರಿಯವರ ಮುಂದೆ ಬೇರೆ ಯಾವ ಮಾತಿಗಿಂತ ಆ ಫೋಟೊಗಳು ಕೆಲಸ ಮಾಡಿದವು. ಮನಸ್ಸಿಗೆ ಒಗ್ಗದಿದ್ದರೂ ತೆಗೆದಿಡಿ.

ಆಮೇಲೆ ನಾವು ಶಾಸಕರ ಮನೆಗೆ ಹೋಗುವುದನ್ನು ಬಿಟ್ಟು ಕಾಗದ ಹಿಡಿದೆವು. ಮಾಹಿತಿ ಹಕ್ಕಿನಲ್ಲಿ ಎರಡು ಅರ್ಜಿ: ಒಂದು ಆ ನಮೂನೆ 57ರ ಅರ್ಜಿಯ ನಕಲಿಗೆ, ಇನ್ನೊಂದು ನಮ್ಮ ಕಡತದ ಟಿಪ್ಪಣಿ ಹಾಳೆಗಳಿಗೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಕೊಟ್ಟರೆ ಸಾಕು. ಬಿಪಿಎಲ್ ಕಾರ್ಡಿನ ನಕಲು ಹಚ್ಚಿದರೆ ಅದೂ ಬೇಡ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಇಲ್ಲದಿದ್ದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. 30 ದಿನದೊಳಗೆ ಉತ್ತರ ಬರಬೇಕು. ನಮಗೆ ಬರಲಿಲ್ಲ, ಮೊದಲ ಮೇಲ್ಮನವಿ ಹಾಕಿದ ಮೇಲೆ ಬಂತು.

ಆ ನಕಲಿನಲ್ಲಿ ನಮಗೆ ದಾರಿ ಸಿಕ್ಕಿತು. ಬಗರ್ ಹುಕುಂ ಇರುವುದು ಭೂಮಿ ಇಲ್ಲದವರಿಗೆ, ಸಣ್ಣ ರೈತರಿಗೆ. ಈಗಾಗಲೇ 4 ಎಕರೆ 38 ಗುಂಟೆಗಿಂತ ಹೆಚ್ಚು ಭೂಮಿ ಇದ್ದವರಿಗೆ ಅದು ಸಿಗುವಂತಿಲ್ಲ. 2005ರ ಜನವರಿ 1ಕ್ಕಿಂತ ಮೊದಲಿಂದ ಸಾಗುವಳಿ ಮಾಡುತ್ತಿದ್ದೆವು ಎಂಬುದಕ್ಕೂ ಆಧಾರ ಬೇಕು, ಈಗ ಉಪಗ್ರಹ ಚಿತ್ರದಲ್ಲೂ ನೋಡುತ್ತಾರೆ. ಅರ್ಜಿದಾರರು ತಮಗಿರುವ ಭೂಮಿಯ ಕಾಲಂ ಖಾಲಿ ಬಿಟ್ಟಿದ್ದರು. ನಾವು ಅವರ ಹೆಸರಿನ ಪಹಣಿಗಳನ್ನು ಸರ್ವೆ ನಂಬರ್ ಹಿಡಿದು ಒಂದೊಂದಾಗಿ ತೆಗೆಸಿದೆವು. ಪಹಣಿ ಯಾರು ಬೇಕಾದರೂ ತೆಗೆಸಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಎಲ್ಲ ಕೂಡಿಸಿದರೆ ಮಿತಿಯ ಎಷ್ಟೋ ಪಟ್ಟು ಭೂಮಿ. ಅದನ್ನೆಲ್ಲ ಹಚ್ಚಿ ತಹಶೀಲ್ದಾರರಿಗೆ ತಕರಾರು ಅರ್ಜಿ ಕೊಟ್ಟೆವು. ಅವರು ಸಮಿತಿಯ ಸದಸ್ಯ ಕಾರ್ಯದರ್ಶಿ, ಆದ್ದರಿಂದ ಅವರಿಗೇ ಕೊಡಬೇಕು.

ಆಗ ಆ ಕಡೆಯವರ ಮಾತು ಬದಲಾಯಿತು. ಅದು ಗಾಯರಾಣವೇ ಅಲ್ಲ, ನಿಜಾಮರ ಕಾಲದಿಂದ ನಮ್ಮ ಅಜ್ಜನ ಪಟ್ಟಾ ಭೂಮಿ ಎಂದರು. ನಮೂನೆ 57 ಹಾಕಿದವರು ಅದು ಸರ್ಕಾರಿ ಭೂಮಿ ಎಂದು ತಾವೇ ಒಪ್ಪಿದ ಹಾಗೆ ಎಂದು ನಾವು ಬರೆದು ಕೊಟ್ಟೆವು. ಆದರೂ ಹಳೆಯ ದಾಖಲೆ ತನ್ನಿ ಎಂದರು. ರಾಯಚೂರು ಜಿಲ್ಲೆ 1948ರ ತನಕ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಕರ್ನಾಟಕಕ್ಕೆ (ಆಗಿನ ಮೈಸೂರು ರಾಜ್ಯಕ್ಕೆ) ಸೇರಿದ್ದು 1956ಕ್ಕೆ. ಹಾಗಾಗಿ ನಮ್ಮ ಕಡೆ ಹಳೆಯ ಸೇತ್ವಾರ (ಸರ್ವೆ ದಾಖಲೆ), 1954-55ರ ಖಾಸ್ರಾ ಪಹಣಿ ಉರ್ದುವಿನಲ್ಲಿ ಇರುತ್ತವೆ. ನಕಲು ಕೇಳಿ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟು, ಹುಡುಕಿಸಿ, ಪಡೆದುಕೊಳ್ಳುವಷ್ಟರಲ್ಲಿ ಮತ್ತೊಂದು ಸುಗ್ಗಿ. ಕಾಗದ ಕೈಗೆ ಬಂದರೂ ಓದುವವರು ಯಾರು?

ತಾಲ್ಲೂಕಿನ ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರ ಮನೆಗೆ ಹೋದೆವು. ನಮಾಜು ಮುಗಿಸಿ ಬಂದು, ಕಿಟಕಿಯ ಬೆಳಕಿಗೆ ಹಾಳೆ ಹಿಡಿದು, ಬೆರಳಿಟ್ಟು ಸಾಲು ಸಾಲು ಓದಿದರು. ಕೈಬರಹ ಗಿಜಿಗಿಜಿ, ಶಾಯಿ ಹರಡಿತ್ತು. ಸರ್ವೆ ನಂಬರ್, ಎಕರೆ, ಗುಂಟೆ ಹೇಳುತ್ತಾ ಬಂದು, ಹಕ್ಕುದಾರರ ಕಾಲಮ್ಮಿಗೆ ಬಂದಾಗ ನಿಂತರು. "ಇಲ್ಲಿ ಯಾರ ಹೆಸರೂ ಇಲ್ಲವ್ವ. ಸರ್ಕಾರಿ ಗಾಯರಾನ್ ಅಂತ ಬರದಾರ" ಎಂದರು. ಕನ್ನಡದಲ್ಲಿ ಬರೆದೂ ಕೊಟ್ಟರು. ದುಡ್ಡು ಕೊಡಲು ಹೋದರೆ ಕೈ ಹಿಂದೆ ಸರಿಸಿ, "ಮಣ್ಣಿನ ಕೆಲಸಕ್ಕ ದುಡ್ಡ ತೊಗೊಳ್ಳಬಾರ್ದು" ಎಂದರು. ನಾನು ಯಾವ ಸಮಾಜಕ್ಕಾಗಿ ಓಟು ಕೇಳಿದ್ದೆನೋ ಆ ಸಮಾಜ ಆ ಪಡಸಾಲೆಯಲ್ಲಿ ಇತ್ತು. ಕಚೇರಿಗೆ ಮಾತ್ರ ಅಧಿಕೃತ ಭಾಷಾಂತರವೇ ಬೇಕು. ಖಾಸಗಿಯಾಗಿ ಓದಿಸಿದ್ದು ನಮಗೆ ತಿಳಿಯಲಿಕ್ಕೆ, ಕಡತಕ್ಕೆ ಭಾಷಾಂತರ ಮಾಡಿಸಿ ಕೊಡಿ ಎಂದು ತಹಶೀಲ್ದಾರರಿಗೇ ಬರೆದು ಕೇಳಬೇಕು.

ಖರ್ಚಿನ ಮಾತು. ಲಂಚ ಕೊಡಲಿಲ್ಲ, ಕೊಡಬಾರದು ಎಂದು ಮೊದಲೇ ಒಂದು ಮಾತಾಗಿತ್ತು. ಅದರಿಂದ ತಡ ಆಗಿರಬಹುದು. ಜೆರಾಕ್ಸ್, ನಕಲು ಶುಲ್ಕ, ಗಂಡಸರ ಬಸ್ ಚಾರ್ಜು, ಊಟ ಇವೆಲ್ಲ ಕೇರಿಯ ಮನೆಗಳಿಂದ ಪಟ್ಟಿ ಎತ್ತಿದ್ದರಲ್ಲಿ ನೀಗಿತು. ಲೆಕ್ಕಕ್ಕೆ ಬಾರದ ಖರ್ಚು ಕೂಲಿಯದು. ಉದ್ಯೋಗ ಖಾತ್ರಿ ಕೂಲಿಯೇ 2024ರಲ್ಲಿ ದಿನಕ್ಕೆ 349 ರೂಪಾಯಿ, 2025ರಲ್ಲಿ 370. ಆಫೀಸಿಗೆ ಐದು ಜನ ಹೋದರೆ ಐದು ಮನೆಯ ಒಂದು ದಿನದ ದುಡಿಮೆ ಹೋಯಿತು. ಹಾಗಾಗಿ ಎಲ್ಲರೂ ಪ್ರತಿ ಸಲ ಹೋಗಬೇಡಿ, ಇಬ್ಬರು ಸಾಕು. ಒಬ್ಬರು ಓದು ಬಲ್ಲವರಿರಲಿ, ಇನ್ನೊಬ್ಬರು ಹಿರಿಯರಿರಲಿ. ಸರ್ವೆಯ ದಿನ ಮಾತ್ರ ಇಡೀ ಕೇರಿ ಇರಬೇಕು.

ಇದರ ನಡುವೆ 2024ರ ಸೆಪ್ಟೆಂಬರ್ 15ಕ್ಕೆ ಪ್ರಜಾಪ್ರಭುತ್ವ ದಿನದ ಮಾನವ ಸರಪಳಿ, ಬೀದರ್‌ನಿಂದ ಚಾಮರಾಜನಗರದವರೆಗೆ. ನಮ್ಮ ಜಿಲ್ಲೆಯಲ್ಲೂ ಹಾದು ಹೋಗಿತ್ತು. ಕರೆಯಲು ಬಂದಾಗ ಕೇರಿಯ ಹುಡುಗರು ಬರುವುದಿಲ್ಲ ಎಂದರು, ದೊಡ್ಡವ್ವನ ನೆನಪು ಹಸಿಯಾಗಿತ್ತು. ನಾನು ಹೋದೆ. ಸಂವಿಧಾನ ಯಾವ ಶಾಸಕರದೂ ಅಲ್ಲ, ಅವರ ಮೇಲಿನ ಸಿಟ್ಟಿಗೆ ನಮ್ಮದನ್ನು ನಾವು ಬಿಟ್ಟು ಕೊಡುವುದು ನನಗೆ ಸರಿ ಕಾಣಲಿಲ್ಲ. ಗುರುತಿಲ್ಲದ ಹೆಣ್ಣುಮಗಳೊಬ್ಬಳ ಕೈ ಹಿಡಿದು ಬಿಸಿಲಲ್ಲಿ ನಿಂತು ಪೀಠಿಕೆ ಹೇಳಿ ಬಂದೆ.

ಬಗರ್ ಹುಕುಂ ಅರ್ಜಿಗಳನ್ನು ಬೇಗ ವಿಲೇವಾರಿ ಮಾಡಬೇಕೆಂದು ಕಂದಾಯ ಇಲಾಖೆಯ ಒತ್ತಡ ಇತ್ತು. ಆದರೂ ಸಮಿತಿಯ ಸಭೆ ಕರೆದದ್ದು, ಮುಂದೆ ಹೋದದ್ದು, ಮತ್ತೆ ಕರೆದದ್ದು ನಡೆಯುತ್ತಲೇ ಇತ್ತು. ಕೊನೆಗೆ ಸಭೆ ಆಯಿತು. ಮಿತಿಗಿಂತ ಹೆಚ್ಚು ಭೂಮಿ ಇರುವ ಕಾರಣಕ್ಕೆ ಆ ಅರ್ಜಿ ವಜಾ ಆಯಿತು. ನಡಾವಳಿಯ ಕೆಳಗೆ ಅಧ್ಯಕ್ಷರ ಸಹಿ ಇದೆ. ಇದನ್ನು ಮುಚ್ಚಿಡಬಾರದು: ಕಾಗದ ಎದುರಿಗೆ ಬಂದಾಗ ನಮ್ಮ ಶಾಸಕರು ಅದಕ್ಕೆ ಅಡ್ಡ ನಿಲ್ಲಲಿಲ್ಲ. ಆದರೆ ಆ ಕಾಗದವನ್ನು ಎದುರಿಗೆ ತರುವ ಕೆಲಸ ಅವರದಾಗಿತ್ತು, ಮಾಡಿದವರು ಕೂಲಿ ಬಿಟ್ಟು ಅಲೆದ ಜನ.

ಆಮೇಲೆ ಮೋಜಣಿ. ಸರ್ವೇಯರ್ ಬಂದ ದಿನ ಆ ಜಾಗದಲ್ಲಿ ಹತ್ತಿ ನಿಂತಿತ್ತು. "ಬೆಳೆ ಬಿಡಿಸಿಕೊಳ್ಳಲಿ, ಆಮೇಲೆ ಬರ್ತೀನಿ" ಎಂದು ಹೊರಟರು. ಬೆಳೆ ಇದ್ದರೂ ಗಡಿ ಗುರುತು ಮಾಡಬಹುದಲ್ಲ, ಬೆಳೆ ನಾವು ಮುಟ್ಟುವುದಿಲ್ಲ ಎಂದು ಹೆಂಗಸರು ಕೈಮುಗಿದು ದಾರಿಯಲ್ಲಿ ಕುಂತರು. ಜಗಳ ಮಾಡಲಿಲ್ಲ. ಅಳತೆ ಆಯಿತು, ನಾಲ್ಕು ಮೂಲೆಗೆ ಕಲ್ಲು ಬಿದ್ದವು. ಉಪವಿಭಾಗಾಧಿಕಾರಿ ಸ್ಥಳಕ್ಕೆ ಬಂದಾಗ ಹಳ್ಳದ ದಂಡೆಗೂ ಕರೆದುಕೊಂಡು ಹೋದೆವು. ಅವರು ಬೂಟು ಬಿಚ್ಚಿ ಅದೇ ಬದುವಿನ ಮೇಲೆ ನಡೆದು ನೋಡಿದರು. ಆಮೇಲೆ ಜಿಲ್ಲಾಧಿಕಾರಿಯವರ ಆದೇಶ ಬರಲು ಹೆಚ್ಚು ತಡ ಆಗಲಿಲ್ಲ. ಆದೇಶ ಬಂತೆಂದು ಬಿಡಬೇಡಿ. ಮ್ಯುಟೇಶನ್ (ದಾಖಲೆಯಲ್ಲಿ ಹಕ್ಕು ಬದಲಾವಣೆ) ಆಗಿ ಪಹಣಿಯಲ್ಲಿ ಏರುವ ತನಕ ಬೆನ್ನು ಹತ್ತಿ. ಎಷ್ಟೋ ಊರುಗಳಲ್ಲಿ ಆದೇಶ ಬೀರುವಿನಲ್ಲಿದೆ, ಭೂಮಿಯಲ್ಲಿ ಬೇರೆಯವರ ಬೆಳೆ ಇದೆ.

ಜಾಗ ಹಸ್ತಾಂತರದ ದಿನ ಶಾಸಕರು ಬಂದರು, ಬ್ಯಾನರಿನಲ್ಲಿ ಅವರ ಫೋಟೊ ದೊಡ್ಡದಾಗಿತ್ತು. "ಕೊಟ್ಟ ಮಾತು ಉಳಿಸಿಕೊಂಡೆ" ಎಂದರು. ಚಪ್ಪಾಳೆ ಆಯಿತು, ನಾನು ತಟ್ಟಲಿಲ್ಲ. ಇಳಿದ ಮೇಲೆ ಹತ್ತಿರ ಬಂದು, "ಸಿಟ್ಟ ಐತೇನ ತಂಗಿ?" ಎಂದು ಕೇಳಿದರು.

"ಸಿಟ್ಟಲ್ಲರಿ ಸಾಹೇಬ್ರೇ. ಅವತ್ತ ಆ ಹಾಳಿ ಓದಿದ್ರ ದೊಡ್ಡವ್ವ ಇಲ್ಲಿ ಇರತಿದ್ಳು."

ಅವರು ತಲೆ ತಗ್ಗಿಸಿದರು, ಏನೂ ಹೇಳಲಿಲ್ಲ. ಮುಂದಿನ ಸಲ ಯಾರಿಗೆ ಹಾಕುತ್ತೀ ಎಂದು ಕೇರಿಯಲ್ಲಿ ಕೇಳುತ್ತಾರೆ. ಪೀಠಿಕೆಯ ಮಾತಾಡುವವರಿಗೇ ಹಾಕುತ್ತೇನೆ, ಬೇರೆ ಕಡೆ ಹೋಗಲು ನನಗೆ ಮನಸ್ಸಿಲ್ಲ. ಆದರೆ ಇನ್ನು ಪ್ರಚಾರಕ್ಕೆ ಬಂದವರಿಂದ ಮಾತು ಇಸಿದುಕೊಳ್ಳುವುದಿಲ್ಲ. ಅರ್ಜಿಯ ಪಟ್ಟಿ, ಪ್ರತಿಯೊಂದಕ್ಕೂ ಆವಕ ನಂಬರ್, ಎಲ್ಲಿ ನಿಂತಿದೆ ಎಂಬ ವಿವರ ಅವರ ಕೈಗೆ ಕೊಟ್ಟು, ಮುಂದಿನ ಗ್ರಾಮಸಭೆಗೆ ಬಂದು ಉತ್ತರ ಹೇಳಬೇಕು ಎಂದು ಕೇಳುತ್ತೇನೆ.

ಇನ್ನೂ ಉಳಿದಿರುವುದು ದಾರಿ. ಸ್ಮಶಾನಕ್ಕೆ ಹೋಗುವ ಕೊನೆಯ ತುಂಡು ಖಾಸಗಿ ಹೊಲದಲ್ಲಿ ಹಾದು ಹೋಗುತ್ತದೆ. ಜಾಗ ಗುರುತಿಸುವಾಗಲೇ ಗ್ರಾಮ ನಕಾಶೆಯಲ್ಲಿ ಬಂಡಿದಾರಿಯೋ ಕಾಲುದಾರಿಯೋ ಇದೆಯೇ ಎಂದು ನೋಡಿ, ಪಂಚನಾಮೆಯಲ್ಲಿ ಬರೆಸಿಕೊಳ್ಳಿ. ನಮ್ಮ ನಕಾಶೆಯಲ್ಲಿ ಚುಕ್ಕೆ ಗೆರೆಯ ಕಾಲುದಾರಿ ಇದೆ, ನೆಲದ ಮೇಲೆ ಉತ್ತುಬಿಟ್ಟಿದ್ದಾರೆ. ಅದನ್ನು ತೆರವು ಮಾಡಿಸಿಕೊಡಿ ಎಂದು ಅರ್ಜಿ ಕೊಟ್ಟಾಗಿದೆ, ಸ್ವೀಕೃತಿ ನನ್ನ ಹತ್ತಿರ ಇದೆ. ಬೇಲಿ, ಗಿಡ, ನೀರಿನ ಕೆಲಸವನ್ನು ಉದ್ಯೋಗ ಖಾತ್ರಿಯ ಕ್ರಿಯಾ ಯೋಜನೆಗೆ ಸೇರಿಸಲು ಪಂಚಾಯಿತಿಗೂ ಬರೆದಿದ್ದೇವೆ. ಅದರ ಠರಾವಿಗೆ ಈ ಸಲದ ಗ್ರಾಮಸಭೆಗೆ ಹೆಂಗಸರೆಲ್ಲ ಹೋಗುವವರಿದ್ದೇವೆ.